ದಿನಸ್ಮರಣೆ: ಫೆಬ್ರವರಿ ೨೧ ಮತ್ತು ಕುದ್ರೋಳಿಯ ಲಿಂಗಪ್ರತಿಷ್ಠೆ

ಉತ್ಸವಗಳಲ್ಲಿ ಎರಡು ಬಗೆಯುಂಟು. ದೇವರ ಉತ್ಸವವು ತಿಥಿಯನ್ನನುಸರಿಸಿ ಪ್ರತಿವರ್ಷವೂ ತಾನಾಗಿಯೇ ಬರುವುದು. ಮನುಷ್ಯರು ಕೈಗೊಂಡ ಸತ್ಕಾರ್ಯದ ಉತ್ಸವವಾದರೋ ವರ್ಷಗಳನ್ನು ಎಣಿಸಿ, ಸಂಖ್ಯೆಯು ತುಂಬಿದಾಗ ಬರುವುದು. ಶ್ರೀಮಠದ ಈ ಮಹೋತ್ಸವವು ಎರಡನೆಯ ಬಗೆಗೆ ಸೇರಿದುದು. ಹೀಗಿರಲಾಗಿ, ಒಂದು ದಿನವನ್ನು ನೆನೆಯುವುದೆಂದರೇನು, ಎಂತಹ ದಿನವು ನೆನೆಯತಕ್ಕದ್ದು, ನೆನೆದುದರಿಂದ ನೆನೆದವರಿಗೆ ಆಗತಕ್ಕ ಪ್ರಯೋಜನವೇನು ಎಂಬ ವಿಚಾರವು ಈ ಸ್ಮಾರಕ ಸಂಪುಟದಲ್ಲಿ ಅಪ್ರಸ್ತುತವಾಗಲಾರದೆಂದು ಭಾವಿಸಿ ಈ ಲೇಖನವನ್ನು ಬರೆಯಲುಪಕ್ರಮಿಸಿದ್ದೇನೆ.

ವಿಚಾರಕ್ಕೆ ಒಂದು ದೃಷ್ಟಾಂತವು ಬೇಕಷ್ಟೆ. ಅದಕ್ಕಾಗಿ ಫೆಬ್ರವರಿ ೨೧ ಎಂಬ ಒಂದೇ ದಿನವನ್ನು ಆರಿಸಿಕೊಂಡಿದ್ದೇನೆ. ೧೯೧೨ನೆಯ ಇಸವಿಯ ಆ ದಿನ ಮಂಗಳೂರಿನ ಕುದ್ರೋಳಿಯಲ್ಲಿ ಶ್ರೀ ನಾರಾಯಣ ಗುರುಗಳು ಶಿವಲಿಂಗವೊಂದನ್ನು ಪ್ರತಿಷ್ಠೆ ಮಾಡಿದರು. ಇಷ್ಟಲಿಂಗೋಪಾಸಕರ ಮಠದ ಸಂಪುಟದಲ್ಲಿ ಕಡಲತೀರದ ಬಿಲ್ಲವ ಬಂಧುಗಳ ಸ್ಥಾವರಲಿಂಗದ ಮಾತೇಕೆಂದು ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಆ ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಲೇಖನದ ಉತ್ತರಾರ್ಧದಲ್ಲಿ ಹೇಳುವೆನು.

೧. ದಿನದ ಲೆಕ್ಕ

ಶಾಸನಗಳನ್ನು ಓದಿದವರಿಗೆ ತಿಳಿದಿರುವಂತೆ, ನಮ್ಮ ಪೂರ್ವಿಕರು ದಿನವನ್ನು ಒಂದೇ ಅಂಕೆಯಿಂದ ಗುರುತಿಸುತ್ತಿರಲಿಲ್ಲ. ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಕೆಲವೆಡೆ ಸಂಕ್ರಮಣ ಇಲ್ಲವೆ ಗ್ರಹಣ, ಹೀಗೆ ಹಲವು ಗಂಟುಗಳನ್ನು ಹಾಕಿ ದಿನವನ್ನು ಕಟ್ಟುತ್ತಿದ್ದರು. ಒಂದು ಗಂಟು ಸಡಿಲಿದರೂ ಉಳಿದವು ಹಿಡಿದಿರುವುವು. ತಿಥಿಗೂ ವಾರಕ್ಕೂ ಹೊಂದಿಕೆಯಾಗದಿದ್ದರೆ ಕಂಡರಿಸಿದವನ ಪ್ರಮಾದವೋ, ಇಲ್ಲವೆ ಮುಂದೆಂದೋ ಸೃಷ್ಟಿಸಿದ ಕೂಟಶಾಸನವೋ ಎಂದು ವಿದ್ವಾಂಸರು ಸಂದೇಹಿಸುವರು. ಕಾಲವನ್ನು ಹೇಳುವ ಮಾತು ಸಾಕ್ಷಿಯ ಮಾತಾದುದರಿಂದ ಅದರಲ್ಲಿ ಇಷ್ಟು ಎಚ್ಚರಿಕೆಯು ಅವಶ್ಯವೇ ಸರಿ.

ಕುದ್ರೋಳಿಯ ಆ ದಿನವನ್ನು ಇದೇ ಕ್ರಮದಲ್ಲಿ ಕಟ್ಟಿ ನೋಡೋಣ. ಇಂಗ್ಲಿಷ್ ಲೆಕ್ಕದಲ್ಲಿ ಅದು ೧೯೧೨ನೆಯ ಇಸವಿ ಫೆಬ್ರವರಿ ೨೧ನೆಯ ತಾರೀಖು, ಬುಧವಾರ. ಶಾಲಿವಾಹನ ಶಕೆಯಲ್ಲಿ ೧೮೩೩ನೆಯ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ. ತುಳುನಾಡಿನವರು ಸೌರಮಾನದವರು, ಅವರ ಎಣಿಕೆಯಲ್ಲಿ ಕುಂಭಮಾಸ, ಎಂದರೆ ಮಾಯಿ ತಿಂಗಳು, ಆಗತಾನೇ ಪ್ರಾರಂಭವಾಗಿದ್ದಿತು. ಮಾಘ ಬಹುಳ ಚತುರ್ದಶಿಯ ಶಿವರಾತ್ರಿಯು ಕಳೆದು ಇನ್ನೂ ಒಂದು ವಾರವಾಗಿರಲಿಲ್ಲ. ಕುದ್ರೋಳಿಯ ಬಳಿಯಲ್ಲಿ ಹರಿಯುವ ಗುರುಪುರದ ಹೊಳೆಗೆ ಫಾಲ್ಗುಣಿ ಎಂಬ ಹೆಸರೂ ಉಂಟು. ಫಾಲ್ಗುಣಿಯ ತೀರದಲ್ಲಿ ಫಾಲ್ಗುಣ ಮಾಸದಲ್ಲಿ ಆ ಪ್ರತಿಷ್ಠೆಯು ನಡೆದುದು ಕಾಕತಾಳೀಯವೇ ಆಗಿರಬಹುದು. ಆದರೂ ನೆನಪಿಡಲು ಸುಲಭವಾದುದು.

ಮತ್ತೊಂದು ವಿಶೇಷವನ್ನು ಗಮನಿಸಬೇಕು. ನಾರಾಯಣ ಗುರುಗಳ ಜಯಂತಿಯನ್ನು ಸಿಂಹಮಾಸದ ಶತಭಿಷಾ ನಕ್ಷತ್ರದಂದು ಆಚರಿಸುವರು. ಅವರ ಸಮಾಧಿದಿನವನ್ನು ಕನ್ಯಾಮಾಸದ ೫ನೆಯ ದಿನವೆಂದು ಸೌರಮಾನದಿಂದ ಎಣಿಸುವರು. ಕುದ್ರೋಳಿಯ ಪ್ರತಿಷ್ಠೆಯನ್ನಾದರೋ ಇಂಗ್ಲಿಷ್ ತಾರೀಖಿನಿಂದ ಹೇಳುವರು. ಒಬ್ಬರೇ ಮಹಾಪುರುಷರ ಮೂರು ದಿನಗಳಿಗೆ ಮೂರು ಮಾನಗಳು! ನಕ್ಷತ್ರವೂ ತಾರೀಖೂ ಪ್ರತಿವರ್ಷ ಒಂದಾಗಿ ಬರುವುದಿಲ್ಲ. ತಿಥಿಯು ಅದೇ ತಾರೀಖಿಗೆ ಹೆಚ್ಚುಕಡಮೆಯಾಗಿ ಮರಳಬೇಕಾದರೆ ೧೯ ವರ್ಷಗಳು ಕಳೆಯಬೇಕು. ಆದುದರಿಂದ “ಇದೇ ದಿನ” ಎಂದು ನಾವು ಹೇಳುವಾಗ ಯಾವ ಮಾನದ ಇದೇ ದಿನವೆಂದು ಮೊದಲು ಕೇಳಿಕೊಳ್ಳಬೇಕು. ಬಸವಜಯಂತಿಯು ವೈಶಾಖ ಶುದ್ಧ ತೃತೀಯೆಯಂದು ಬರುವುದನ್ನು ಅರಿಯದವರಾರು? ಆದರೆ ಅದನ್ನು ಊರೊಟ್ಟಿನ ಬಹಿರಂಗ ಉತ್ಸವವನ್ನಾಗಿ ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ಪ್ರಾರಂಭಿಸಿದುದು ೧೯೧೩ರಲ್ಲಿ. ಎಂದರೆ ಕುದ್ರೋಳಿಯ ಪ್ರತಿಷ್ಠೆಯ ಮರುವರ್ಷ. ತಿಥಿಯು ಪುರಾತನವಾದರೂ ಆಚರಣೆಯು ನೂತನ. ಜನರು ತಮ್ಮ ಅವಶ್ಯಕತೆಯನ್ನು ಕಂಡುಕೊಂಡಾಗಲೇ ದಿನವು ದಿನವಾಗುವುದೆಂಬುದಕ್ಕೆ ಇದೇ ನಿದರ್ಶನ.

೨. ಇದೇ ತಾರೀಖು, ಅನ್ಯತ್ರ

ಕುದ್ರೋಳಿಗೆ ಹೋಗುವ ಮುನ್ನ ಅದೇ ತಾರೀಖಿನ ಬೇರೆ ಕೆಲವು ಸಂಗತಿಗಳನ್ನು ನೋಡುವುದು ಉಚಿತ.

೧೬೭೭ರ ಫೆಬ್ರವರಿ ೨೧ರಂದು ಹಾಲೆಂಡ್ ದೇಶದ ಹೇಗ್ ನಗರದಲ್ಲಿ ಸ್ಪಿನೋಜನೆಂಬ ತತ್ತ್ವಜ್ಞನು ತನ್ನ ೪೪ನೆಯ ವಯಸ್ಸಿನಲ್ಲಿ ಮೃತಿಹೊಂದಿದನು. ಈತನು ಯಹೂದಿ ಕುಲದವನು. ೧೬೫೬ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಆತನ ಸಮಾಜದವರೇ ಆತನನ್ನು ಬಹಿಷ್ಕರಿಸಿದರು. ಅಂದಿನಿಂದ ಆತನು ಗಾಜಿನ ಮಸೂರಗಳನ್ನು ಉಜ್ಜುವ ಕೈಕಸುಬನ್ನೂ ತತ್ತ್ವಚಿಂತನೆಯನ್ನೂ ಒಟ್ಟಿಗೆ ನಡೆಸಿದನು. ಕಾಯಕವನ್ನು ಅರಿತ ನಮಗೆ ಆತನ ಜೀವನವು ಅಪರಿಚಿತವೆನಿಸದು.

೧೯೫೨ರ ಇದೇ ದಿನ ಢಾಕಾ ನಗರದಲ್ಲಿ ಬಂಗಾಳಿ ಭಾಷೆಗೆ ರಾಜ್ಯಭಾಷೆಯ ಸ್ಥಾನವನ್ನು ಬೇಡಿದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು; ಹಲವರು ಪ್ರಾಣವನ್ನು ತೆತ್ತರು. ಯುನೆಸ್ಕೋ ಸಂಸ್ಥೆಯು ೧೯೯೯ರಲ್ಲಿ ಆ ದಿನವನ್ನು ಅಂತರರಾಷ್ಟ್ರೀಯ ಮಾತೃಭಾಷಾ ದಿನವೆಂದು ಸಾರಿತು. ದೇವರೊಡನೆ ಮನೆಮಾತಿನಲ್ಲಿಯೇ ಮಾತನಾಡಿದ ಶರಣರ ಸಂತತಿಗೆ ಈ ದಿನದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ನಾಡಿನ ಮಾತಿಗೆ ಬರೋಣ. ಕಿತ್ತೂರಿನ ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ ಲಿಂಗೈಕ್ಯರಾದುದು ೧೮೨೯ರ ಫೆಬ್ರವರಿಯಲ್ಲಿ. ಕೆಲವು ಗ್ರಂಥಗಳಲ್ಲಿ ೨ನೆಯ ತಾರೀಖೆಂದೂ ಕೆಲವುಗಳಲ್ಲಿ ೨೧ನೆಯ ತಾರೀಖೆಂದೂ ಕಾಣುವುದು. ಆದರೆ ಥ್ಯಾಕರೆಯು ಮಡಿದ ಕಿತ್ತೂರಿನ ವಿಜಯವು ೧೮೨೪ರ ಅಕ್ಟೋಬರ್ ೨೩ರಂದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕಂಪನಿ ಸರಕಾರದ ಕಲೆಕ್ಟರನು ಸತ್ತ ದಿನವು ನಿಶ್ಚಿತವಾಗಿ ಉಳಿಯಿತು. ಸೆರೆಯಲ್ಲಿ ಕಣ್ಮುಚ್ಚಿದ ರಾಣಿಯ ದಿನದಲ್ಲಿ ಮಾತ್ರ ಪಾಠಾಂತರವು ಉಳಿಯಿತು. ತಾರೀಖುಗಳು ಸಹ ಬಲವಂತರ ಕಡೆಗೇ ಒಲಿಯುವುವೆಂಬುದು ಇದರಿಂದ ತಿಳಿಯಬರುವುದು.

೧೯೧೬ರ ಫೆಬ್ರವರಿ ೨೧ರಂದು ಫ್ರಾನ್ಸಿನ ವೆರ್ದೂನಿನಲ್ಲಿ ಪ್ರಾರಂಭವಾದ ಘೋರ ಯುದ್ಧವು ಡಿಸೆಂಬರಿನವರೆಗೂ ಮುಗಿಯಲಿಲ್ಲ. ಜಗತ್ತಿನ ದಿನಚರಿಗಳಲ್ಲಿ ಅದು ತಪ್ಪದೆ ಬರುವುದು. ಅದಕ್ಕೆ ನಾಲ್ಕು ವರ್ಷಗಳ ಹಿಂದೆ ಒಂದು ಬಂದರುಪಟ್ಟಣದ ಅಂಚಿನಲ್ಲಿ ರಕ್ತದ ಹನಿಯೊಂದೂ ಬೀಳದೆ ನಡೆದ ಕಾರ್ಯವು ಆ ದಿನಚರಿಗಳಲ್ಲಿ ಕಾಣದು. ಆದುದರಿಂದಲೇ ಅದನ್ನು ಇಲ್ಲಿ ವಿಸ್ತರಿಸಿ ಹೇಳತಕ್ಕದ್ದಾಗಿದೆ.

೩. ಮಂಗಳೂರು ಮತ್ತು ಕುದ್ರೋಳಿ

ತುಳು ಭಾಷೆಯಲ್ಲಿ ಕುದ್ರು ಎಂದರೆ ಹೊಳೆಯ ನಡುಗಡ್ಡೆ. ನೇತ್ರಾವತಿ, ಫಾಲ್ಗುಣಿ ನದಿಗಳು ಕಡಲನ್ನು ಸೇರುವ ಮಂಗಳೂರಿನಲ್ಲಿ ಇಂತಹ ಕುದ್ರುಗಳು ಹಲವು. ಕುದ್ರೋಳಿ ಎಂಬ ಹೆಸರಿನಲ್ಲಿಯೂ ಆ ಪದವು ಕೇಳಿಬರುವುದು. ನಗರದ ಪಡುವಣ ಭಾಗದಲ್ಲಿರುವ ಈ ಸ್ಥಳಕ್ಕೆ ಸಮೀಪದಲ್ಲಿಯೇ ಬೋಳೂರು. ಅಲ್ಲಿ ಹೊಳೆಯ ದಡದಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಸುಲ್ತಾನ್ ಬತ್ತೇರಿ ಎಂಬ ಕಲ್ಲಿನ ಕಾವಲುಗೋಪುರವು ಇಂದಿಗೂ ನಿಂತಿರುವುದು.

ಮಂಗಳೂರಿಗೆ ದೊಡ್ಡ ದಿನಗಳ ಕೊರತೆಯಿಲ್ಲ. ಆಳುಪರ ಕಾಲದಿಂದಲೂ ಅದು ರಾಜಧಾನಿಯೂ ಬಂದರೂ ಆಗಿದ್ದಿತು. ವಿಜಯನಗರದ ತರುವಾಯ ಕೆಳದಿಯ ವೀರಶೈವ ನಾಯಕರ ಆಧಿಪತ್ಯವು ಈ ಕರಾವಳಿಯಲ್ಲಿ ನೆಲೆಗೊಂಡಿತು; ೧೭ನೆಯ ಶತಮಾನದಲ್ಲಿ ಶಿವಪ್ಪನಾಯಕನು ಇಲ್ಲಿಯ ಪೋರ್ಚುಗೀಸರ ಬಲವನ್ನು ಮುರಿದನು. ೧೭೬೩ರಲ್ಲಿ ಬಿದನೂರು ಹೈದರಾಲಿಯ ವಶವಾದಾಗ ಕರಾವಳಿಯೂ ಅವನ ಕೈಸೇರಿತು. ೧೭೮೪ರ ಮಾರ್ಚ್ ೧೧ರಂದು ಟಿಪ್ಪುವಿಗೂ ಕಂಪನಿಗೂ ನಡೆದ ಒಪ್ಪಂದವು ಮಂಗಳೂರಿನ ಹೆಸರನ್ನು ಲಂಡನ್ನಿನವರೆಗೆ ಕೊಂಡೊಯ್ದಿತು. ೧೭೯೯ರಲ್ಲಿ ಕಂಪನಿಯ ಆಳಿಕೆ ಬಂದಿತು. ೧೮೩೭ರ ಏಪ್ರಿಲ್ ೫ರಂದು ಸುಳ್ಯದ ಕಡೆಯಿಂದ ದಂಡೆತ್ತಿ ಬಂದ ರೈತರು ಮಂಗಳೂರನ್ನು ಹಿಡಿದು ಕೆಲವು ದಿನಗಳು ಆಳಿದರು. ೧೮೪೩ರ ಜುಲೈ ೧ರಂದು ಮೋಗ್ಲಿಂಗ್ ಪಾದ್ರಿಗಳ ‘ಮಂಗಳೂರ ಸಮಾಚಾರ’ವೆಂಬ ಪ್ರಥಮ ಕನ್ನಡ ಪತ್ರಿಕೆಯು ಇಲ್ಲಿಂದಲೇ ಹೊರಟಿತು. ಕೆನರಾ ಜಿಲ್ಲೆಯನ್ನು ಎರಡಾಗಿ ಒಡೆದು ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿದು ೧೯೫೬ರ ನವೆಂಬರ್ ೧ರಂದು ಕನ್ನಡನಾಡಿಗೆ ಮರಳಿತು.

ಅರಸರು ಬದಲಾದರು, ಧ್ವಜಗಳು ಬದಲಾದವು, ತೆರಿಗೆಯನ್ನು ವಸೂಲು ಮಾಡುವ ಭಾಷೆಯೂ ಬದಲಾಯಿತು. ಆದರೆ ಈ ಎಲ್ಲ ದಿನಗಳ ಮೇಲೆಯೂ ಬದಲಾಗದೆ ನಿಂತಿದ್ದುದು ಒಂದು. ಅದು ದೇವಾಲಯದ ಬಾಗಿಲು. ತುಳುನಾಡಿನ ದೊಡ್ಡ ಸಮುದಾಯಗಳಲ್ಲೊಂದಾದ ಬಿಲ್ಲವರು ಆ ಬಾಗಿಲನ್ನು ದಾಟುವಂತಿರಲಿಲ್ಲ.

೪. ಬಾಗಿಲಿನ ಹೊರಗೆ

ಬಿಲ್ಲವರೆಂದರೆ ದೇವರಿಲ್ಲದ ಜನವೆಂದು ಯಾರೂ ತಿಳಿಯಬಾರದು. ಅವರಿಗೆ ಪೂಜಾರಿ ಎಂಬ ಹೆಸರೇ ಉಂಟು. ದೈವಗಳ ಆರಾಧನೆಯಲ್ಲಿ ಪೂಜೆಯ ಹಕ್ಕು ಅವರದಾಗಿದ್ದಿತು. ಕೋಟಿ ಚೆನ್ನಯರೆಂಬ ಅವಳಿ ವೀರರ ಗರಡಿಗಳು ತುಳುನಾಡಿನ ಉದ್ದಗಲಕ್ಕೂ ಇವೆ. ಆ ವೀರರ ಪಾಡ್ದನಗಳನ್ನು ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಹಾಡುವರು. ನಾಟಿವೈದ್ಯವನ್ನು ಬಲ್ಲ ಮನೆತನಗಳು ಅವರಲ್ಲಿದ್ದುವು. ತೆಂಗು ತಾಳೆಗಳನ್ನೇರಿ ಕಳ್ಳಿಳಿಸುವ ಮೂರ್ತೆಯ ಕಸಬು ಅನೇಕರ ಜೀವನೋಪಾಯವಾಗಿದ್ದಿತು. ಆ ಕಸಬನ್ನೇ ಮುಂದಿಟ್ಟುಕೊಂಡು ಅವರನ್ನು ಗುಡಿಯಿಂದ ದೂರವಿರಿಸಿದರು. ಮರದ ರಸವನ್ನು ಕುಡಿದವರು ಒಳಗೆ ನಿಲ್ಲಬಹುದಾಗಿದ್ದಿತು; ಮರವನ್ನೇರಿದವನು ಹೊರಗೆ ನಿಲ್ಲಬೇಕಾಗಿದ್ದಿತು.

೧೯ನೆಯ ಶತಮಾನದಲ್ಲಿ ಈ ಜನರ ಮುಂದೆ ಬೇರೆ ಬಾಗಿಲುಗಳು ತೆರೆದವು. ಮೊದಲನೆಯದು ಬಾಸೆಲ್ ಮಿಶನ್ನಿನದು. ೧೮೩೪ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದ ಪಾದ್ರಿಗಳು ಶಾಲೆ, ಮುದ್ರಣಾಲಯ, ನೇಯ್ಗೆಯ ಕಾರ್ಖಾನೆಗಳನ್ನು ಸ್ಥಾಪಿಸಿದರು. ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಮತಾಂತರದಿಂದ ಕುಲವನ್ನೂ ಕಸಬನ್ನೂ ಕಳೆದುಕೊಂಡವರಿಗೆ ಅಲ್ಲಿ ಕೂಲಿಯೂ ಗೌರವವೂ ದೊರೆಯುತ್ತಿದ್ದುವು. ಮಿಶನ್ನಿನ ಸಭೆಯನ್ನು ಸೇರಿದವರಲ್ಲಿ ಬಿಲ್ಲವರು ಅನೇಕರು. ಎರಡನೆಯದು ಬ್ರಹ್ಮಸಮಾಜದ ಬಾಗಿಲು. ಬಿಲ್ಲವ ಮುಖಂಡರಾದ ಅರಸಪ್ಪನವರು ಈ ವಿಷಯದಲ್ಲಿ ಆಸಕ್ತಿ ವಹಿಸಿದುದರಿಂದ ಬಂಗಾಳದಿಂದ ಪ್ರಚಾರಕರು ಬಂದು ೧೮೭೦ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜವು ಸ್ಥಾಪಿತವಾಯಿತು. ಆ ಸಮಾಜದಿಂದಲೇ ಕುದ್ಮುಲ್ ರಂಗರಾಯರಂತಹ ಮಹನೀಯರು ಮೂಡಿಬಂದು, ೧೮೯೨ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯನ್ನು ತೆರೆದು, ಸ್ವಜನರ ಬಹಿಷ್ಕಾರವನ್ನು ಸಹಿಸಿಯೂ ಹಿಮ್ಮೆಟ್ಟದೆ ನಡೆದರು.

ಈ ಎರಡು ಬಾಗಿಲುಗಳಿಂದಲೂ ಉಪಕಾರವಾಯಿತೆಂಬುದನ್ನು ಪಕ್ಷಪಾತವಿಲ್ಲದ ಇತಿಹಾಸಕಾರನು ಒಪ್ಪಲೇಬೇಕು. ಆದರೆ ಒಂದು ಬಾಗಿಲನ್ನು ಹೊಕ್ಕವನು ಹಿಂದಿನ ದೈವಗಳನ್ನು ಬಿಡಬೇಕಾಗಿದ್ದಿತು. ಇನ್ನೊಂದರೊಳಗಣ ನಿರಾಕಾರೋಪಾಸನೆಯು ಓದುಬಲ್ಲ ಕೆಲವರಿಗೆ ಹಿಡಿಸಿತೇ ಹೊರತು ಹೊಲಗದ್ದೆಗಳ ಬಹುಜನಕ್ಕೆ ನಿಲುಕಲಿಲ್ಲ. ತಮ್ಮವರನ್ನು ಬಿಡದೆ, ತಮ್ಮ ಶಿವನನ್ನು ಬಿಡದೆ, ತಲೆಯೆತ್ತಿ ನಿಲ್ಲುವ ದಾರಿಯೊಂದಿದೆಯೇ ಎಂಬ ಪ್ರಶ್ನೆಯು ಹಾಗೆಯೇ ಉಳಿದಿದ್ದಿತು.

೫. ಗುರುಗಳೂ ಪ್ರತಿಷ್ಠೆಯೂ

ಉತ್ತರವು ತೆಂಕಣದಿಂದ ಬಂದಿತು. ತಿರುವಾಂಕೂರು ಸೀಮೆಯ ಚೆಂಬಳಂತಿ ಎಂಬ ಗ್ರಾಮದ ಈಳವ ಮನೆಯೊಂದರಲ್ಲಿ ಜನಿಸಿದ ನಾರಾಯಣ ಗುರುಗಳು ಸಂಸ್ಕೃತ, ತಮಿಳು, ಮಲೆಯಾಳಗಳಲ್ಲಿ ಪಂಡಿತರು, ವೇದಾಂತದಲ್ಲಿ ನಿಷ್ಠರು, ಬಹುಕಾಲ ಏಕಾಂತದಲ್ಲಿ ತಪಸ್ಸು ಮಾಡಿದವರು. ೧೮೮೮ರ ಶಿವರಾತ್ರಿಯಂದು ಅವರು ನೆಯ್ಯಾರು ನದಿಯ ತೀರದ ಅರುವಿಪ್ಪುರದಲ್ಲಿ ನೀರಿಗಿಳಿದು, ಕೈಗೆ ಸಿಕ್ಕಿದ ಕಲ್ಲೊಂದನ್ನೆತ್ತಿ, ದಡದ ಬಂಡೆಯ ಮೇಲೆ ಶಿವನೆಂದು ಪ್ರತಿಷ್ಠಿಸಿದರು. ಅಧಿಕಾರವಿಲ್ಲದವರು ಹೀಗೆ ಮಾಡಬಹುದೇ ಎಂದು ಕೇಳಿದವರಿಗೆ, ತಾವು ಪ್ರತಿಷ್ಠಿಸಿದುದು ಈಳವರ ಶಿವನನ್ನೆಂದು ಶಾಂತವಾಗಿ ಉತ್ತರ ಕೊಟ್ಟರೆಂದು ಪ್ರಸಿದ್ಧಿ.

ಆಗಮಗಳನ್ನು ಓದಿದವರಿಗೆ ಈ ಕಾರ್ಯದ ಭಾರವು ಚೆನ್ನಾಗಿ ತಿಳಿಯುವುದು. ಪ್ರತಿಷ್ಠೆಯು ಪೂಜೆಯಂತೆ ನಿತ್ಯಕರ್ಮವಲ್ಲ. ಶಿಲೆಯ ಪರೀಕ್ಷೆ, ಅಧಿವಾಸಗಳು, ನ್ಯಾಸಗಳು, ಅಷ್ಟಬಂಧ ಎಂದು ಅದಕ್ಕೆ ವಿಸ್ತಾರವಾದ ವಿಧಿಯುಂಟು. ಎಲ್ಲಕ್ಕೂ ಮಿಗಿಲಾಗಿ ಪ್ರತಿಷ್ಠಾಚಾರ್ಯನ ಲಕ್ಷಣವನ್ನು ಕಟ್ಟುನಿಟ್ಟಾಗಿ ಹೇಳಿರುವರು. ಆ ಆಚಾರ್ಯಸ್ಥಾನದಲ್ಲಿ, ಗುಡಿಯ ಹೊಸ್ತಿಲನ್ನೇ ಮೆಟ್ಟಬಾರದೆಂದು ಕಟ್ಟುಮಾಡಿದ್ದ ಕುಲದ ಒಬ್ಬರು ನಿಂತರು. ಪ್ರವೇಶವನ್ನು ಪರರು ಕೊಡಬೇಕು; ಕೊಟ್ಟವರು ಮತ್ತೆ ಕಸಿದುಕೊಳ್ಳಲೂಬಹುದು. ಪ್ರತಿಷ್ಠೆಯನ್ನಾದರೋ ತಪಸ್ವಿಯು ತನ್ನ ತಪೋಬಲದಿಂದಲೇ ಮಾಡತಕ್ಕದ್ದು. ಅದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ. ಅರುವಿಪ್ಪುರದ ಅರ್ಥವು ಇದು. ಕುದ್ರೋಳಿಯ ಅರ್ಥವೂ ಇದೇ.

೧೯೦೩ರಲ್ಲಿ ಗುರುಗಳ ಹೆಸರಿನಲ್ಲಿ ಧರ್ಮಪರಿಪಾಲನ ಯೋಗವು ಸ್ಥಾಪಿತವಾಗಿ, ಅವರ ಕೀರ್ತಿಯು ಮಲೆಯಾಳ ದೇಶವನ್ನು ದಾಟಿ ಹಬ್ಬಿತು. ೧೯೦೭ರಲ್ಲಿ ರೈಲುಹಾದಿಯು ಮಂಗಳೂರನ್ನು ಮುಟ್ಟಿ, ತೆಂಕಣ ನಾಡು ಸಮೀಪವಾಯಿತು. ಮರುವರ್ಷ, ೧೯೦೮ರಲ್ಲಿ, ಬಿಲ್ಲವ ಸಮಾಜದ ಮುಂದಾಳುಗಳು ಹೊಯಿಗೆಬಜಾರಿನ ಸಾಹುಕಾರ ಕೊರಗಪ್ಪನವರ ನೇತೃತ್ವದಲ್ಲಿ ಗುರುಗಳನ್ನು ಕಂಡು ಮಂಗಳೂರಿಗೆ ಬಿಜಯಂಗೈಯಬೇಕೆಂದು ಬಿನ್ನೈಸಿದರು. ಅಧ್ಯಕ್ಷ ಕೊರಗಪ್ಪನವರೆಂದೇ ಜನರು ಅವರನ್ನು ಇಂದಿಗೂ ಸ್ಮರಿಸುವರು. ಗುರುಗಳು ಬಂದು ಕುದ್ರೋಳಿಯ ಸ್ಥಳವನ್ನು ಯೋಗ್ಯವೆಂದು ಆರಿಸಿದರು. ಅಲ್ಲಿ ಗುಡಿಯು ಎದ್ದಿತು. ೧೯೧೨ರ ಫೆಬ್ರವರಿ ೨೧ರಂದು ಗುರುಗಳೇ ಶಿವಲಿಂಗವನ್ನು ಪ್ರತಿಷ್ಠಿಸಿದರು. ಕ್ಷೇತ್ರಕ್ಕೆ ಗೋಕರ್ಣನಾಥೇಶ್ವರನೆಂಬ ಹೆಸರಾಯಿತು. ಬಡಗಣ ಕರಾವಳಿಯ ಗೋಕರ್ಣ ಮಹಾಬಲೇಶ್ವರನನ್ನು ಅರಿಯದವರು ಕನ್ನಡನಾಡಿನಲ್ಲಿಲ್ಲ. ಆ ಪುಣ್ಯನಾಮವು ದೂರದ ಊರಿನಿಂದ ತಮ್ಮ ಕೇರಿಗೇ ಬಂದು ನೆಲೆಸಿದಾಗ ಅಲ್ಲಿ ನೆರೆದವರಿಗೆ ಎಂತಹ ಸಂತೋಷವಾಗಿರಬಹುದೆಂಬುದನ್ನು ವಾಚಕರೇ ಊಹಿಸಬಹುದು.

ಬೇರೆ ಗುಡಿಯನ್ನು ಕಟ್ಟಿಕೊಂಡುದರಿಂದ ಹಳೆಯ ಗುಡಿಯ ಬಾಗಿಲು ತೆರೆದಂತಾಯಿತೇ, ಭೇದವು ಮತ್ತಷ್ಟು ಗಟ್ಟಿಯಾದಂತಾಗಲಿಲ್ಲವೇ ಎಂಬ ಆಕ್ಷೇಪಕ್ಕೆ ಅವಕಾಶವುಂಟು. ಸಮಾಧಾನವು ಆ ಕ್ಷೇತ್ರದ ನಡೆಯಲ್ಲಿಯೇ ಇದೆ. ಹೊರಗಿಡಲ್ಪಟ್ಟವರು ಕಟ್ಟಿದ ಆ ಗುಡಿಯಲ್ಲಿ ಯಾರನ್ನೂ ಹೊರಗಿಡಲಿಲ್ಲ. ತನಗಾದ ಅಪಮಾನವನ್ನು ಇನ್ನೊಬ್ಬರಿಗೆ ದಾಟಿಸದಿರುವುದೇ ಇದರಲ್ಲಿ ಮುಖ್ಯವಾದ ಗುಣ.

೬. ಕಲ್ಲಿನಿಂದ ಕನ್ನಡಿಗೆ

ಈಗ ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಬರುತ್ತೇನೆ. ಶರಣರ ಮಾರ್ಗದಲ್ಲಿ ಸ್ಥಾವರಕ್ಕೆ ಪ್ರಾಧಾನ್ಯವಿಲ್ಲ. ಅಂಗೈಯಲ್ಲಿ ಇಷ್ಟಲಿಂಗವನ್ನು ಪಡೆದವನಿಗೆ ಗುಡಿಯ ಬಾಗಿಲು ತೆರೆದರೇನು, ಮುಚ್ಚಿದರೇನು? ೧೨ನೆಯ ಶತಮಾನದಲ್ಲಿ ಬಸವಾದಿ ಪ್ರಮಥರು ಗುಡಿಯ ಪ್ರವೇಶವನ್ನು ಬೇಡಲಿಲ್ಲ. ಗುಡಿಯನ್ನೇ ಭಕ್ತನ ಶರೀರಕ್ಕೆ ತಂದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇವರೆಲ್ಲ ಆ ಮಾರ್ಗದ ಹಿರಿಯರು. ಹೀಗಿರಲು ಕಲ್ಲಿನ ಪ್ರತಿಷ್ಠೆಯೊಂದನ್ನು ನಾವು ಕೊಂಡಾಡುವುದು ಸರಿಯೇ?

ನಾರಾಯಣ ಗುರುಗಳ ಪ್ರತಿಷ್ಠೆಗಳನ್ನು ವರ್ಷಾನುಕ್ರಮದಲ್ಲಿ ಇಟ್ಟು ನೋಡಿದರೆ ಸಂದೇಹವು ಪರಿಹಾರವಾಗುವುದು. ೧೮೮೮ರಲ್ಲಿ ಅರುವಿಪ್ಪುರದ ಕಲ್ಲು. ೧೯೧೨ರಲ್ಲಿ ಕುದ್ರೋಳಿಯ ಲಿಂಗ. ಅದೇ ೧೯೧೨ರಲ್ಲಿ ವರ್ಕಲೆಯ ಶಿವಗಿರಿಯಲ್ಲಿ ವಿದ್ಯಾದೇವತೆಯಾದ ಶಾರದೆ. ಅಲ್ಲಿ ಅಭಿಷೇಕ ನೈವೇದ್ಯಗಳ ವಿಧಿಯನ್ನೇ ಇರಿಸಲಿಲ್ಲ. ೧೯೧೩ರಲ್ಲಿ ಆಲುವೆಯಲ್ಲಿ ಅದ್ವೈತಾಶ್ರಮ. ಅಲ್ಲಿ ವಿಗ್ರಹವೇ ಇಲ್ಲ. ೧೯೨೦ರಲ್ಲಿ ಕಾರಮುಕ್ಕಿನಲ್ಲಿ ದೇವರ ಸ್ಥಾನದಲ್ಲಿ ಒಂದು ದೀಪ. ೧೯೨೨ರಲ್ಲಿ ಮುರುಕ್ಕುಂಪುಳದಲ್ಲಿ ಸತ್ಯ, ಧರ್ಮ, ದಯೆಗಳ ಹೆಸರನ್ನು ಬರೆದ ಫಲಕ. ೧೯೨೭ರಲ್ಲಿ ಕಳವಂಕೋಡದಲ್ಲಿ ಒಂದು ಕನ್ನಡಿ. ಕಲ್ಲು, ವಿದ್ಯೆ, ದೀಪ, ನುಡಿ, ಕನ್ನಡಿ; ಈ ಐದು ಮೆಟ್ಟಿಲುಗಳನ್ನೇರಿದ ಭಕ್ತನು ಕಡೆಗೆ ಗರ್ಭಗೃಹದಲ್ಲಿ ಕಾಣುವುದು ತನ್ನನ್ನೇ. ಮರುವರ್ಷ, ೧೯೨೮ರ ಸೆಪ್ಟೆಂಬರ್ ೨೦ರಂದು, ಗುರುಗಳು ಶಿವಗಿರಿಯಲ್ಲಿ ಸಮಾಧಿಸ್ಥರಾದರು.

ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗಗಳೆಂಬ ಕ್ರಮವನ್ನು ಗುರುಮುಖದಿಂದ ತಿಳಿದ ನಮಗೆ ಈ ಮೆಟ್ಟಿಲುಗಳ ಅರ್ಥವನ್ನು ಇನ್ನೊಬ್ಬರು ಬಿಡಿಸಿ ಹೇಳಬೇಕೆ? ಕಣ್ಣಿಗೆ ಕಾಣುವುದರಿಂದ ಉಸಿರಿಗೆ, ಉಸಿರಿನಿಂದ ಭಾವಕ್ಕೆ ಸಾಗುವ ಸಾಧನೆಯು ನಮ್ಮದು. ಅವರ ದರ್ಶನವು ಕೇವಲಾದ್ವೈತ, ನಮ್ಮದು ಷಟ್‌ಸ್ಥಲ. ಎರಡೂ ಒಂದೇ ಎಂದು ಹೇಳುವುದು ವಿದ್ವತ್ತಿಗೆ ಒಪ್ಪತಕ್ಕ ಮಾತಲ್ಲ. ದೀಕ್ಷೆಯ ಕ್ರಮ ಬೇರೆ, ಆಚಾರ ಬೇರೆ, ಪರಿಭಾಷೆ ಬೇರೆ. ಆದರೆ ಹೊರಗಣಿಂದ ಒಳಗಣಿಗೆ ನಡೆಯಿಸುವ ಕರುಣೆಯು ಎರಡರಲ್ಲಿಯೂ ಉಂಟು. ಕಲ್ಲನ್ನು ಮುಟ್ಟಬಾರದೆಂದು ಶತಮಾನಗಳಿಂದ ತಡೆಯಲ್ಪಟ್ಟವನಿಗೆ ಕಲ್ಲು ವ್ಯರ್ಥವೆಂದು ಮೊದಲೇ ಹೇಳಿದರೆ ಅದು ಉಪದೇಶವಾಗದು, ಪರಿಹಾಸ್ಯವಾಗುವುದು. ಮೊದಲು ಮುಟ್ಟಗೊಡಬೇಕು, ತರುವಾಯ ಅದರಾಚೆಗೆ ಕರೆದೊಯ್ಯಬೇಕು. ಕುದ್ರೋಳಿಯ ಲಿಂಗವು ಇಂತಹ ಮೊದಲನೆಯ ಕೈಹಿಡಿತವೆಂದು ಈ ಲೇಖಕನ ಅಭಿಪ್ರಾಯ.

ಗುರುಗಳು ಜನರ ಮನಸ್ಸಿಗೆ ಹಿತವಾದುದನ್ನೇ ಹೇಳುತ್ತಿದ್ದವರಲ್ಲ. ಕಳ್ಳನ್ನು ಕುಡಿಯುವುದೂ ಸಲ್ಲದು, ಇಳಿಸುವುದೂ ಸಲ್ಲದೆಂದು ಅವರು ಬೋಧಿಸಿದರು. ಮೂರ್ತೆಯಿಂದಲೇ ಜೀವಿಸುವ ಮನೆಗಳಿಗೆ ಇದು ಕಹಿಯಾದ ಔಷಧ. ಅದಕ್ಕೆ ಪ್ರತಿಯಾಗಿ ಅವರು ವಿದ್ಯೆಯನ್ನೂ ಕೈಗಾರಿಕೆಯನ್ನೂ ಸಂಘಟನೆಯನ್ನೂ ತೋರಿಸಿಕೊಟ್ಟರು. ಗುಡಿಯ ಪಕ್ಕದಲ್ಲಿಯೇ ಶಾಲೆಯೂ ಇರಬೇಕೆಂಬುದು ಅವರ ಮತ.

೭. ಮುಂದಿನ ದಿನಗಳು

ಕುದ್ರೋಳಿಯ ಪ್ರತಿಷ್ಠೆಯಾಗಿ ೧೨ ವರ್ಷಗಳ ತರುವಾಯ, ೧೯೨೪ರ ಮಾರ್ಚ್ ೩೦ರಂದು, ತಿರುವಾಂಕೂರಿನ ವೈಕಂನಲ್ಲಿ ದೇವಾಲಯದ ಸುತ್ತಣ ಬೀದಿಗಳಲ್ಲಿ ನಡೆದಾಡುವ ಹಕ್ಕಿಗಾಗಿ ಸತ್ಯಾಗ್ರಹವು ಪ್ರಾರಂಭವಾಯಿತು. ೧೯೨೫ರಲ್ಲಿ ಗಾಂಧೀಜಿಯವರು ಶಿವಗಿರಿಗೆ ಬಂದು ಗುರುಗಳನ್ನು ಕಂಡರು. ೧೯೩೬ರ ನವೆಂಬರ್ ೧೨ರಂದು ತಿರುವಾಂಕೂರಿನ ಮಹಾರಾಜರು ದೇವಾಲಯ ಪ್ರವೇಶದ ಘೋಷಣೆಯನ್ನು ಹೊರಡಿಸಿದರು. ದಕ್ಷಿಣ ಕನ್ನಡವು ಆಗ ಸೇರಿದ್ದ ಮದರಾಸು ಪ್ರಾಂತದಲ್ಲಿ ದೇವಾಲಯ ಪ್ರವೇಶದ ಕಾನೂನು ಆದುದು ೧೯೪೭ರಲ್ಲಿ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನವು ತನ್ನ ೧೭ನೆಯ ಅನುಚ್ಛೇದದಿಂದ ಅಸ್ಪೃಶ್ಯತೆಯನ್ನು ಕಿತ್ತೊಗೆಯಿತು. ಲೆಕ್ಕ ಹಾಕಿ ನೋಡಿರಿ: ಕಾನೂನು ಪ್ರವೇಶವನ್ನು ಕೊಡುವುದಕ್ಕೆ ೩೫ ವರ್ಷಗಳಷ್ಟು ಮುಂಚೆಯೇ ಕುದ್ರೋಳಿಯವರು ಪ್ರತಿಷ್ಠೆಯನ್ನು ಮಾಡಿ ಮುಗಿಸಿದ್ದರು.

ಆ ಸಣ್ಣ ಗುಡಿಯು ಸಣ್ಣದಾಗಿಯೇ ಉಳಿಯಲಿಲ್ಲ. ಬಿ. ಜನಾರ್ದನ ಪೂಜಾರಿಯವರ ಮುಂದಾಳುತನದಲ್ಲಿ ಜೀರ್ಣೋದ್ಧಾರವಾಗಿ, ಚೋಳಶೈಲಿಯ ಎತ್ತರವಾದ ಗೋಪುರದೊಡನೆ ೧೯೯೧ರಲ್ಲಿ ಹೊಸ ರೂಪವನ್ನು ತಾಳಿತು. ಮಾಜಿ ಪ್ರಧಾನಿ ರಾಜೀವ ಗಾಂಧಿಯವರು ಅದನ್ನು ಉದ್ಘಾಟಿಸಿದರು. ನವರಾತ್ರಿಯಲ್ಲಿ ಅಲ್ಲಿಂದ ಹೊರಡುವ ಗಣಪತಿ, ಶಾರದೆ, ನವದುರ್ಗೆಯರ ಮೆರವಣಿಗೆಯು ಮಂಗಳೂರು ದಸರೆಯೆಂದು ನಾಡಿನಲ್ಲೆಲ್ಲ ಖ್ಯಾತವಾಗಿರುವುದು. ಹಿಂದೆ ಗುಡಿಯ ಹೊರಗೆ ನಿಂತವರ ದೇವರನ್ನು ನೋಡಲು ಇಂದು ನಗರವೇ ಬೀದಿಯಲ್ಲಿ ನಿಲ್ಲುವುದು.

ಗೋಪುರಕ್ಕಿಂತಲೂ ಮೆರವಣಿಗೆಗಿಂತಲೂ ಮಹತ್ತರವಾದ ಸಂಗತಿಯೊಂದುಂಟು. ೨೦೧೩ರ ನವರಾತ್ರಿಯ ಕಾಲದಲ್ಲಿ ಈ ಕ್ಷೇತ್ರದಲ್ಲಿ ಇಬ್ಬರು ವಿಧವೆಯರಿಗೆ ಅರ್ಚಕ ಪದವಿಯನ್ನು ಕೊಟ್ಟರು. ಮಂಗಲಕಾರ್ಯದಲ್ಲಿ ಎದುರಿಗೆ ಬರಬಾರದೆಂದು ಲೋಕವು ಹಿಂದಕ್ಕೆ ಸರಿಸಿದ ಕೈಗಳಿಂದಲೇ ದೇವರಿಗೆ ಆರತಿಯಾಯಿತು. ೧೯೧೨ರಲ್ಲಿ ಕುಲದ ಹೆಸರಿನಲ್ಲಿ ಮುಚ್ಚಿದ್ದ ಬಾಗಿಲು ತೆರೆಯಿತು. ೨೦೧೩ರಲ್ಲಿ ವೈಧವ್ಯದ ಹೆಸರಿನಲ್ಲಿ ಮುಚ್ಚಿದ್ದ ಬಾಗಿಲು ತೆರೆಯಿತು. ನೂರೊಂದು ವರ್ಷಗಳ ಹಿಂದೆ ಗುರುಗಳು ಮಾಡಿದ ಕಾರ್ಯದ ತಾತ್ಪರ್ಯವನ್ನು ಆ ಕ್ಷೇತ್ರದವರು ಮರೆತಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಾಗಿಲ್ಲ.

೮. ನಮ್ಮ ಮಹೋತ್ಸವಕ್ಕೆ ಇದರಿಂದ ಏನು?

ದಿನವನ್ನು ನೆನೆಯುವುದರಲ್ಲಿ ಎರಡು ಅಪಾಯಗಳಿವೆ. ಹಿರಿಯರು ಮಾಡಿದರೆಂದು ಹೇಳಿಕೊಂಡು ನಾವು ಸುಮ್ಮನೆ ಕುಳಿತುಕೊಳ್ಳುವುದು ಒಂದು. ನಮ್ಮ ಹಿರಿಯರು ಮಾಡಿದುದನ್ನು ಮಾತ್ರ ನೆನೆದು ಅನ್ಯರು ಮಾಡಿದುದಕ್ಕೆ ಕಣ್ಣು ಮುಚ್ಚುವುದು ಇನ್ನೊಂದು.

ನಿಷ್ಠುರವಾದರೂ ಒಂದು ಮಾತನ್ನು ಇಲ್ಲಿ ಹೇಳಬೇಕಾಗಿದೆ. ಹರಳಯ್ಯನವರ ಹೆಸರನ್ನು ಹೇಳುವ ಮತದ ಅರಸರು ಮಂಗಳೂರಿನ ಕರಾವಳಿಯನ್ನು ನೂರು ವರ್ಷಗಳಿಗೂ ಮಿಕ್ಕಿ ಆಳಿದರು. ಕೆಳದಿಯ ನಾಯಕರು ಶೂರರು, ದಾನಿಗಳು, ಅನ್ಯಮತಗಳಿಗೂ ಆಶ್ರಯವಿತ್ತವರು. ಅವರ ಕೀರ್ತಿಗೆ ನಾವು ಹೆಮ್ಮೆಪಡುವುದು ಯುಕ್ತವೇ. ಆದರೆ ಅವರ ಆಳಿಕೆ ಮುಗಿದು ಒಂದೂವರೆ ಶತಮಾನ ಕಳೆದ ಮೇಲೆಯೂ ಆ ಬಾಗಿಲು ಮುಚ್ಚಿಯೇ ಇದ್ದಿತು. ಅದನ್ನು ತೆರೆದುದು ಅರಸರ ಆಜ್ಞೆಯಲ್ಲ, ಮಠದ ಶ್ರೀಮುಖವಲ್ಲ. ತೆಂಕಣದ ಒಬ್ಬ ತಪಸ್ವಿಯೂ ಹೊಯಿಗೆಬಜಾರಿನ ಒಬ್ಬ ಸಾಹುಕಾರನೂ ಅವರ ಹಿಂದೆ ನಿಂತ ಹೆಸರು ತಿಳಿಯದ ಸಾವಿರಾರು ದುಡಿಮೆಗಾರರೂ ಅದನ್ನು ತೆರೆದರು. ಕಲ್ಯಾಣದಲ್ಲಿ ಹೊತ್ತಿದ ದೀಪವು ನಮ್ಮ ಕೈಯಲ್ಲಿದ್ದಿತು; ಕುದ್ರೋಳಿಗೆ ಬೆಳಕು ಬೇರೆ ಕೈಯಿಂದ ಬಂದಿತು. ಬೆಳಕು ಬಂದಿತೆಂಬುದೇ ಮುಖ್ಯವೆಂದು ಸಂತೋಷಪಡೋಣ. ಆದರೆ ನಮ್ಮ ಕೈಯಲ್ಲಿದ್ದುದು ಎಲ್ಲಿಯವರೆಗೆ ತಲುಪಿತೆಂದು ಕೇಳಿಕೊಳ್ಳುವುದನ್ನು ಬಿಡಬಾರದು.

ಹಾಗೆ ಕೇಳಿಕೊಂಡವರು ನಮ್ಮಲ್ಲಿ ಇಲ್ಲದಿಲ್ಲ. ತುಮಕೂರಿನ ಸಿದ್ಧಗಂಗಾ ಕ್ಷೇತ್ರದ ಪ್ರಸಾದನಿಲಯದಲ್ಲಿ ಜಾತಿಮತಗಳ ಭೇದವಿಲ್ಲದೆ ಸಹಸ್ರಾರು ಬಾಲಕರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು ವಿದ್ಯಾವಂತರಾದುದು ಲೋಕವಿದಿತವಾದ ಸಂಗತಿ. ಅನ್ನವೂ ಅಕ್ಷರವೂ ಒಂದೇ ಪಂಕ್ತಿಯಲ್ಲಿ ದೊರೆತಾಗ ಅಲ್ಲಿ ಆಗುವುದೂ ಒಂದು ಪ್ರತಿಷ್ಠೆಯೇ. ಮಠವೊಂದರ ಮಹೋತ್ಸವದಲ್ಲಿ ಎಷ್ಟು ವರ್ಷಗಳಾದುವೆಂದು ಎಣಿಸುವುದರ ಜೊತೆಗೆ, ಪಂಕ್ತಿಯಲ್ಲಿ ಯಾರು ಕುಳಿತರು, ಪಾಠಶಾಲೆಯಲ್ಲಿ ಯಾರು ಓದಿದರು, ದೀಕ್ಷೆಯನ್ನು ಬೇಡಿ ಬಂದ ಯಾರನ್ನು ಬರಿಗೈಯಿಂದ ಹಿಂದಕ್ಕೆ ಕಳುಹಿದೆವು ಎಂಬ ಮೂರು ಲೆಕ್ಕಗಳನ್ನೂ ಇಡಬೇಕು. ಆ ಲೆಕ್ಕವು ತುಂಬಿದ ವರ್ಷವೇ ನಿಜವಾದ ಮಹೋತ್ಸವದ ವರ್ಷ.

ಕಡೆಯಲ್ಲಿ ಶ್ರೀಮಠದ ಸನ್ನಿಧಿಯಲ್ಲಿ ಒಂದು ಬಿನ್ನಹವಿದೆ. ಮಠದ ದಿನದರ್ಶಿಕೆಯಲ್ಲಿ ಬಸವಜಯಂತಿ, ಪುಣ್ಯಾರಾಧನೆಗಳು, ರಥೋತ್ಸವಗಳು ಯಥಾಪ್ರಕಾರ ಅಚ್ಚಾಗಲಿ. ಅವುಗಳ ನಡುವೆ ಫೆಬ್ರವರಿ ೨೧ರ ಮುಂದೆ, ಕುದ್ರೋಳಿಯಲ್ಲಿ ಶ್ರೀ ನಾರಾಯಣ ಗುರುಗಳಿಂದ ಲಿಂಗಪ್ರತಿಷ್ಠೆ, ೧೯೧೨ ಎಂಬ ಒಂದು ಪಂಕ್ತಿಯೂ ಬರಲಿ. ಪಾಠಶಾಲೆಯ ಬಾಲಕರು ಅದನ್ನು ಓದಿ, ಇದು ಯಾವ ದಿನವೆಂದು ಗುರುಗಳನ್ನು ಕೇಳುವರು. ಹೇಳುವವರು ಬೇಲೂರು ಹಳೆಯಬೀಡುಗಳಷ್ಟೇ ಆದರದಿಂದ ಕುದ್ರೋಳಿಯ ಕಥೆಯನ್ನೂ ಹೇಳುವರು. ಇತಿಹಾಸವು ಅಷ್ಟು ಮಾಡಿದರೆ ಸಾಕು. ಉಳಿದುದನ್ನು ಕೇಳಿದವರು ಮಾಡುವರು.

ಶರಣು ಶರಣಾರ್ಥಿ.